ಕೋಟಿ ಬೆಲೆಯ ಮುಖ, ಹೆಸರಿಲ್ಲದ ಕೈ

2022ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ನಡೆದ ಹರಾಜಿನಲ್ಲಿ ಮರದ ಮುಖವಾಡವೊಂದು 42 ಲಕ್ಷ ಯೂರೊಗೆ ಬಿಕರಿಯಾಯಿತು. ಹಿಂದಿನ ವರ್ಷವಷ್ಟೇ ವೃದ್ಧ ದಂಪತಿ ಹಳೆ ಮನೆ ಖಾಲಿ ಮಾಡುವಾಗ ಅದನ್ನು ಹಳೆ ಸಾಮಾನಿನ ವ್ಯಾಪಾರಿಗೆ 150 ಯೂರೊಗೆ ಕೊಟ್ಟಿದ್ದರು. ಪತ್ರಿಕೆಯಲ್ಲಿ ಸುದ್ದಿ ಓದಿ ಬೆಚ್ಚಿಬಿದ್ದ ದಂಪತಿ ಕೋರ್ಟಿನ ಮೆಟ್ಟಿಲೇರಿದರು. 2023ರ ಡಿಸೆಂಬರ್‌ನಲ್ಲಿ ಅಲೆಸ್ ನಗರದ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಮುಖವಾಡ ನಮ್ಮದು ಎಂದು ನಡುವೆ ಬಂದ ಗ್ಯಾಬೊನ್ ದೇಶದ ಕೋರಿಕೆಗೂ ಮನ್ನಣೆ ಸಿಗಲಿಲ್ಲ.

ಆ ಮುಖವಾಡ ಗ್ಯಾಬೊನಿನ ಫಾಂಗ್ ಜನರ ‘ಎನ್‌ಗಿಲ್’. ನೀಳ ಮುಖ, ಉದ್ದ ಮೂಗು, ಮೈಗೆಲ್ಲ ಬಿಳಿ ಜೇಡಿಯ ಲೇಪ. ಊರಿನ ತಪ್ಪಿತಸ್ಥರನ್ನೂ ಮಾಟಗಾರರನ್ನೂ ಪತ್ತೆಹಚ್ಚಿ ನ್ಯಾಯ ಹೇಳುವ ಗುಪ್ತ ಕೂಟವೊಂದರ ಮುಖ ಅದು. ಫ್ರೆಂಚ್ ವಸಾಹತು ಆಡಳಿತ ಈ ಕೂಟವನ್ನು ನಿಷೇಧಿಸಿತು. ಎನ್‌ಗಿಲ್ ಕುಣಿತ ನಿಂತುಹೋಯಿತು. ಮಾಂಪೆಲಿಯೆಯಲ್ಲಿ ಮಾರಾಟವಾದ ಮುಖವಾಡ ಯುರೋಪಿಗೆ ಬಂದದ್ದೂ ವಸಾಹತು ಗವರ್ನರ್ ಒಬ್ಬರ ಸಾಮಾನಿನ ಜೊತೆಗೆ. ಇಂದು ಜಗತ್ತಿನಲ್ಲಿ ಗುರುತಿಸಲಾಗಿರುವ ಎನ್‌ಗಿಲ್‌ಗಳು ಬೆರಳೆಣಿಕೆಯಷ್ಟು. 2006ರಲ್ಲಿ ಪ್ಯಾರಿಸ್ಸಿನಲ್ಲಿ ವೆರಿತೆ ಕುಟುಂಬದ ಸಂಗ್ರಹ ಹರಾಜಾದಾಗ ಇನ್ನೊಂದು ಎನ್‌ಗಿಲ್ ಸುಮಾರು 59 ಲಕ್ಷ ಯೂರೊ ತಂದಿತ್ತು.

ಸ್ಟುಡಿಯೊದಿಂದ ಹರಾಜಿಗೆ

ಆಫ್ರಿಕಾದ ಮುಖವಾಡಗಳ ಈ ಮಾರುಕಟ್ಟೆಗೆ ನೂರು ವರ್ಷ ದಾಟಿದೆ. 1906ರ ಸುಮಾರಿಗೆ ಚಿತ್ರಕಾರ ವ್ಲಾಮಿಂಕ್ ತನ್ನಲ್ಲಿದ್ದ ಫಾಂಗ್ ಮುಖವಾಡವನ್ನು ಗೆಳೆಯ ಡೆರೆನ್‌ಗೆ ಮಾರಿದ. ಮರುವರ್ಷ ಪಿಕಾಸೊ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಕೆತ್ತನೆಗಳನ್ನು ಕಂಡು ಬೆರಗಾದ. ಕಲಾವಿದರ ಹಿಂದೆಯೇ ವ್ಯಾಪಾರಿಗಳು ಬಂದರು. ಪಾಲ್ ಗಿಯೋಮ್, ಚಾರ್ಲ್ಸ್ ರಾಟೊನ್‌ರಂಥವರು ಈ ವಸ್ತುಗಳನ್ನು ‘ಕುತೂಹಲದ ಸಾಮಾನು’ಗಳ ಸಾಲಿನಿಂದ ಎತ್ತಿ ಶಿಲ್ಪದ ಪೀಠದ ಮೇಲಿಟ್ಟರು. 1935ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಆಫ್ರಿಕಾದ ಕಲೆಗೇ ಮೀಸಲಾದ ದೊಡ್ಡ ಪ್ರದರ್ಶನ ಏರ್ಪಡಿಸಿತು. 1966ರಲ್ಲಿ ಸೌಂದರ್ಯವರ್ಧಕಗಳ ಉದ್ಯಮಿ ಹೆಲೆನಾ ರೂಬಿನ್‌ಸ್ಟೈನ್ ಸಂಗ್ರಹ ನ್ಯೂಯಾರ್ಕ್‌ನಲ್ಲಿ ಹರಾಜಾದಾಗ ಬೆಲೆಗಳು ಹೊಸ ಎತ್ತರ ಮುಟ್ಟಿದವು. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಸೇಂಟ್ ಜರ್ಮೇನ್ ಬೀದಿಗಳಲ್ಲಿ ‘ಪಾರ್ಕೂರ್ ದೆ ಮೋಂದ್’ ಮೇಳ ನಡೆಯುತ್ತದೆ. ಜಗತ್ತಿನ ನಾನಾ ಕಡೆಯ ವ್ಯಾಪಾರಿಗಳು, ಸಂಗ್ರಾಹಕರು ಅಲ್ಲಿ ಸೇರುತ್ತಾರೆ.

ನುರಿತ ಸಂಗ್ರಾಹಕ ಮುಖವಾಡ ಕೈಗೆ ಬಂದೊಡನೆ ಅದನ್ನು ತಿರುವಿ ಒಳಮೈ ನೋಡುತ್ತಾನೆ. ಹಣೆ, ಕೆನ್ನೆ ತಾಗುವಲ್ಲಿ ಮರ ಬೆವರು, ಎಣ್ಣೆ ಕುಡಿದು ಕಪ್ಪಾಗಿ ನುಣುಪಾಗಿದೆಯೇ? ನಾರಿನ ಉಡುಪು ಕಟ್ಟಲು ಅಂಚಿನಲ್ಲಿ ಕೊರೆದ ತೂತುಗಳು ಹಗ್ಗ ಉಜ್ಜಿ ಸವೆದಿವೆಯೇ? ಬಾಚಿಯ ಏಟುಗಳು ನುರಿತ ಕೈಯವೇ? ಊರಿನ ಶಿಲ್ಪಿ ಊರಿನ ಆಚರಣೆಗಾಗಿ ಕೆತ್ತಿದ, ನಿಜವಾಗಿ ಕುಣಿದ ಮುಖವಾಡವಷ್ಟೇ ಮಾರುಕಟ್ಟೆಗೆ ‘ಅಸಲಿ’. ಹೀಗಾಗಿ ಹೊಸ ಕೆತ್ತನೆಗೆ ಹೊಗೆ ಹಿಡಿದು, ಮಣ್ಣು ಮೆತ್ತಿ, ಗೆದ್ದಲಿಗೆ ಒಡ್ಡಿ ಹಳತಾಗಿಸುವ ಕಸುಬೂ ಬೆಳೆದಿದೆ.

ಮೈಯ ಸವೆತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಬೆಲೆ ಏರಿಸುವುದು ಒಡೆತನದ ಚರಿತ್ರೆ. ಯಾವ ಗವರ್ನರ್ ತಂದ, ಯಾವ ವ್ಯಾಪಾರಿ ಮಾರಿದ, ಯಾವ ಚಿತ್ರಕಾರನ ಗೋಡೆಯ ಮೇಲಿತ್ತು ಎಂಬುದೆಲ್ಲ ಹರಾಜಿನ ಪಟ್ಟಿಯಲ್ಲಿ ಸಾಲುಸಾಲಾಗಿ ಅಚ್ಚಾಗಿರುತ್ತದೆ. ಕೆತ್ತಿದವನ ಜಾಗದಲ್ಲಿ ಮಾತ್ರ ಸಾಮಾನ್ಯವಾಗಿ ಬುಡಕಟ್ಟಿನ ಹೆಸರು.

ಕುಣಿಯುವಾಗಷ್ಟೇ ಪೂರ್ಣ

ಐವರಿ ಕೋಸ್ಟ್ ಮತ್ತು ಲೈಬೀರಿಯಾದ ಡಾನ್ ಜನರಲ್ಲಿ ಮುಖವಾಡವೆಂದರೆ ಕಾಡಿನ ಚೇತನವೊಂದರ ಮುಖ. ಅದು ಕನಸಿನಲ್ಲಿ ಬಂದು, ನನಗೆ ರೂಪ ಕೊಡು ಎಂದು ಕೇಳುತ್ತದೆಂಬುದು ನಂಬಿಕೆ. ಪ್ರತಿ ಮುಖವಾಡಕ್ಕೂ ಒಂದು ಕೆಲಸವಿದೆ. ಬೇಸಿಗೆಯಲ್ಲಿ ಒಲೆಯ ಕಿಡಿ ಹಾರಿ ಊರು ಸುಡದಂತೆ ಕಾಯಲು ದುಂಡುಗಣ್ಣಿನ ಮುಖವಾಡವೊಂದು ಮನೆಮನೆ ಸುತ್ತುತ್ತದೆ. ಓಟದ ಪಂದ್ಯಕ್ಕೆ ಇನ್ನೊಂದು, ನಗಿಸಲು ಮತ್ತೊಂದು. ಸಿಯೆರಾ ಲಿಯೋನಿನ ಮೆಂಡೆ ಜನರಲ್ಲಿ ಹೊಳೆಯುವ ಕಪ್ಪು ಬಣ್ಣದ ‘ಸೊವೆ’ ಮುಖವಾಡ ಧರಿಸಿ ಕುಣಿಯುವವರು ಹೆಂಗಸರೇ. ಹುಡುಗಿಯರನ್ನು ಪ್ರೌಢಿಮೆಗೆ ಸಿದ್ಧಗೊಳಿಸುವ ಸಾಂಡೆ ಕೂಟ ಅವರದು. ಯೊರುಬಾ ಜನರ ಗೆಲೆಡೆ ಕುಣಿತ ಹಿರಿಯ ತಾಯಂದಿರಿಗೆ ಸಲ್ಲಿಸುವ ಗೌರವ.

ನಾರಿನ ಉಡುಪು, ವಾದ್ಯ, ಹಾಡು, ಸುತ್ತ ನೆರೆದ ಜನ ಇವೆಲ್ಲ ಕಳಚಿಬಿದ್ದ ಮೇಲೆ ಉಳಿದ ಮರದ ತುಂಡು ಗಾಜಿನ ಪೆಟ್ಟಿಗೆ ಸೇರುತ್ತದೆ. ಅಣಿ, ಗಗ್ಗರ, ಪಾಡ್ದನ ಯಾವುದೂ ಇಲ್ಲದೆ ಪಂಜುರ್ಲಿ ಭೂತದ ಮೊಗವೊಂದನ್ನೇ ಗೋಡೆಗೆ ತೂಗುಹಾಕಿದರೆ ತುಳುನಾಡಿನವರಿಗೆ ಏನನ್ನಿಸೀತು? ಇದು ಬರೀ ಊಹೆಯ ಪ್ರಶ್ನೆಯಲ್ಲ. ಭೂತದ ಮೊಗಗಳೂ ಪಾಶ್ಚಾತ್ಯ ಮ್ಯೂಸಿಯಂ, ಹರಾಜುಗಳಲ್ಲಿ ಕಾಣಿಸಿಕೊಂಡಿವೆ.

ಕೇಳಿದ್ದರೆ ಹೇಳುತ್ತಿದ್ದರು

ಆಫ್ರಿಕಾದ ಶಿಲ್ಪಿ ಅನಾಮಿಕ ಎಂಬ ಮಾತು ಬಹುಕಾಲ ನಡೆದುಬಂತು. ಆದರೆ 1930ರ ದಶಕದಲ್ಲೇ ಜರ್ಮನಿಯ ಮಾನವಶಾಸ್ತ್ರಜ್ಞ ಹ್ಯಾನ್ಸ್ ಹಿಮ್ಮೆಲ್‌ಹೆಬರ್ ಐವರಿ ಕೋಸ್ಟ್‌ಗೆ ಹೋಗಿ ಶಿಲ್ಪಿಗಳ ಜೊತೆ ಕೂತು ಮಾತಾಡಿದರು. ಅವರ ಕೆಲಸ, ಕಲಿಕೆ, ಅಭಿಪ್ರಾಯಗಳನ್ನು ಬರೆದಿಟ್ಟರು. ಡಾನ್ ನಾಡಿನಲ್ಲಿ ಝ್ಲಾನ್ ಎಂಬ ಶಿಲ್ಪಿಯ ಕೀರ್ತಿ ದೂರದೂರಕ್ಕೆ ಹಬ್ಬಿತ್ತು. ನೈಜೀರಿಯಾದ ಇಕೆರೆ ಅರಮನೆಯ ಕೆತ್ತನೆಯ ಬಾಗಿಲು 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನಕ್ಕೆ ಬಂತು. ಅದನ್ನು ಬಯಸಿದ ಬ್ರಿಟಿಷ್ ಮ್ಯೂಸಿಯಂ, ಬದಲಿಗೆ ಇಂಗ್ಲೆಂಡಿನಲ್ಲಿ ಮಾಡಿಸಿದ ಸಿಂಹಾಸನವೊಂದನ್ನು ರಾಜನಿಗೆ ಕೊಟ್ಟಿತು. ಕೆತ್ತಿದಾತ ಇಸೆ ಊರಿನ ಒಲೊವೆ. ಅವನು ತೀರಿಕೊಂಡದ್ದು 1938ರಲ್ಲಿ. ಹೊರಜಗತ್ತಿಗೆ ಅವನ ಹೆಸರು ತಿಳಿದದ್ದು ಆ ಬಳಿಕ; ಅವನ ನಾಡಿನಲ್ಲಿ ಅದನ್ನು ಯಾರೂ ಮರೆತಿರಲಿಲ್ಲ.

ವಸ್ತುವಿನ ಮೂಲ ದಾಖಲಾಗಿದ್ದರೆ ಅದು ಮನೆಗೆ ಮರಳುವ ದಾರಿಯೂ ತೆರೆಯುತ್ತದೆ. 1984ರಲ್ಲಿ ತಾಂಜಾನಿಯಾದ ದಾರ್ ಎಸ್ ಸಲಾಮ್ ಮ್ಯೂಸಿಯಂನಿಂದ ಕಳುವಾದ ಮಕೊಂಡೆ ಜನರ ಮುಖವಾಡ ಜಿನೀವಾದ ಬಾರ್ಬಿಯೆ–ಮ್ಯುಲರ್ ಮ್ಯೂಸಿಯಂನಲ್ಲಿ ಪತ್ತೆಯಾಯಿತು. ವರ್ಷಗಳ ಮಾತುಕತೆಯ ನಂತರ 2010ರಲ್ಲಿ ತವರಿಗೆ ಮರಳಿತು. 1970ರ ಯುನೆಸ್ಕೊ ಒಪ್ಪಂದದ ಬಳಿಕ, ವಸ್ತು ತವರು ಬಿಟ್ಟದ್ದು ಯಾವಾಗ, ಹೇಗೆ ಎಂಬ ಪ್ರಶ್ನೆಯನ್ನು ಸಂಗ್ರಾಹಕರು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಎನ್‌ಗಿಲ್‌ನಂತೆ ಅದಕ್ಕೂ ಮೊದಲೇ ಹೋದ ವಸ್ತುಗಳಿಗೆ ಈ ಒಪ್ಪಂದದ ಆಸರೆಯಿಲ್ಲ. ಅಲ್ಲಿ ಕಾನೂನು ಕೈಚೆಲ್ಲಿದರೂ ಮ್ಯೂಸಿಯಂಗಳ, ಸರ್ಕಾರಗಳ ಮನಸ್ಸಾಕ್ಷಿ ಮಾತಾಡಬೇಕು.

ಆಫ್ರಿಕಾದಲ್ಲಿ ಇಂದೂ ಮುಖವಾಡ ಕೆತ್ತುವವರಿದ್ದಾರೆ, ಕುಣಿಯುವವರಿದ್ದಾರೆ. ದಾರ್ ಎಸ್ ಸಲಾಮ್‌ನ ಮ್ವೆಂಗೆ ಸಂತೆಯಲ್ಲಿ ಮರಗೆತ್ತನೆಯವರ ಮಳಿಗೆಗಳ ಸಾಲೇ ಇದೆ. ಅಲ್ಲಿಗೆ ಹೋಗುವ ನಮ್ಮವರು ಹಳತೆಂದು ಹೇಳಿಕೊಳ್ಳುವ ಮುಖವಾಡದ ಹಿಂದೆ ಬೀಳದೆ, ಹೊಸ ಕೆತ್ತನೆಯನ್ನು ಹೊಸದೆಂದೇ ಕೊಳ್ಳಲಿ. ಕೆತ್ತಿದವರ ಹೆಸರು, ಊರು ಕೇಳಿ ಅದರ ಬೆನ್ನಿಗೆ ಬರೆಸಿಕೊಳ್ಳಲಿ. ಕೋಟಿ ಸುರಿಯುವ ಸಂಗ್ರಾಹಕರು ನೂರು ವರ್ಷ ಕೇಳದೆ ಬಿಟ್ಟ ಪ್ರಶ್ನೆ ಅದು. ಅದನ್ನು ಕೇಳಲು ಹಣ ಬೇಕಿಲ್ಲ.