ಕರ್ನಲ್ ಕಾಲಿನ್ ಮೆಕೆಂಝಿ

ನಮ್ಮ ನಾಡಿನ ಪ್ರತಿಯೊಂದು ಹಳ್ಳಿಗೂ ಒಂದು ನಕ್ಷೆಯುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿರುವ ಜವಳಗೇರಾದಂತಹ ಊರಾಗಲಿ, ಮಲೆನಾಡಿನ ಮೂಲೆಯಲ್ಲಿರುವ ಹಳ್ಳಿಯಾಗಲಿ, ಅದರ ಹೊಲ, ಹಳ್ಳ, ಬಂಡಿದಾರಿಗಳು ಆ ನಕ್ಷೆಯಲ್ಲಿ ಗೆರೆಗಳಾಗಿ ಮೂಡಿರುತ್ತವೆ. ಆದರೆ ಊರೆಂದರೆ ಬರಿಯ ಗೆರೆಗಳಲ್ಲ. ಕೆರೆಯನ್ನು ಕಟ್ಟಿಸಿದವರು ಯಾರು, ಗುಡಿಯ ಮುಂದಿನ ಕಲ್ಲು ಏನನ್ನು ಹೇಳುತ್ತದೆ ಎಂಬ ನೆನಪುಗಳು ಕೂಡಿದಾಗಲೇ ಊರು ಪೂರ್ಣವಾಗುವುದು. ನೆಲದ ಅಳತೆಯೊಡನೆ ಈ ನೆನಪುಗಳನ್ನೂ ಸಂಗ್ರಹಿಸಲು ಬಾಳನ್ನೇ ಸವೆಸಿದ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಝಿ.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನಲ್ಲಿ 1754ರ ಸುಮಾರಿಗೆ ಆತನು ಜನಿಸಿದನು. ಎಳವೆಯಿಂದಲೇ ಗಣಿತದಲ್ಲಿ ಆಸಕ್ತಿಯುಳ್ಳವನಾಗಿದ್ದನು. ಕೆಲಕಾಲ ಹುಟ್ಟೂರಿನಲ್ಲಿಯೇ ಸುಂಕದ ಅಧಿಕಾರಿಯಾಗಿದ್ದು, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದನು. ಅನಂತರ ಸ್ವದೇಶಕ್ಕೆ ಮರಳಲೇ ಇಲ್ಲ. 1792ರ ತರುವಾಯ, ಇಂದಿನ ರಾಯಚೂರು ಸೀಮೆಯನ್ನೂ ಒಳಗೊಂಡಿದ್ದ ನಿಜಾಮನ ರಾಜ್ಯದಲ್ಲಿ ಮೋಜಣಿಯ ಕಾರ್ಯವನ್ನು ಕೈಗೊಂಡನು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಸುಲ್ತಾನನು ಮಡಿದನು. ಆತನ ರಾಜ್ಯವು ಕಂಪನಿ, ನಿಜಾಮ ಹಾಗೂ ಮೈಸೂರಿನ ಒಡೆಯರ ನಡುವೆ ಹಂಚಿಹೋಯಿತು. ಹೊಸ ಗಡಿಗಳನ್ನು ಖಚಿತವಾಗಿ ಗುರುತಿಸಬೇಕಾದುದರಿಂದ ಮೈಸೂರಿನ ಮೋಜಣಿಯು ಮೆಕೆಂಝಿಯ ಪಾಲಿಗೆ ಬಂದಿತು. ಸುಮಾರು ನಲವತ್ತು ಸಾವಿರ ಚದರ ಮೈಲಿಗಳ ಆ ಪ್ರದೇಶದ ಮೋಜಣಿಯು 1810ರವರೆಗೆ ನಡೆಯಿತು. ಇದೇ ಕಾಲದಲ್ಲಿ ಹಂಪೆಯ ಹಾಳೂರಿನ ನಕ್ಷೆಯನ್ನೂ ಆತನು ಬರೆಯಿಸಿದನು.

ಇಷ್ಟು ವಿಶಾಲವಾದ ನಾಡನ್ನು ಅಳೆಯುವುದು ಹೇಗೆ? ಬೆಟ್ಟವನ್ನೂ ಹೊಳೆಯನ್ನೂ ದಾಟಿ ಎಲ್ಲೆಡೆಯೂ ಸರಪಳಿ ಎಳೆಯುವುದು ಸಾಧ್ಯವಿಲ್ಲ. ಆದ್ದರಿಂದ ಮೊದಲು ಸಮತಟ್ಟಾದ ಬಯಲಿನಲ್ಲಿ ಒಂದು ನೇರವಾದ ಗೆರೆಯನ್ನು ಬಹು ಎಚ್ಚರಿಕೆಯಿಂದ ಅಳೆಯುವರು. ಅದರ ಎರಡು ತುದಿಗಳಿಂದಲೂ ದೂರದ ಬೆಟ್ಟದ ನೆತ್ತಿಯನ್ನು ನೋಡಿ ಕೋನಗಳನ್ನು ಗುರುತಿಸುವರು. ಒಂದು ಬಾಹು, ಎರಡು ಕೋನಗಳು ತಿಳಿದರೆ ತ್ರಿಕೋನದ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಕಂಡುಹಿಡಿಯಬಹುದೆಂಬುದನ್ನು ಗಣಿತವು ಕಲಿಸುತ್ತದೆ. ಹಾಗೆ ದೊರೆತ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ತ್ರಿಕೋನಗಳ ಬಲೆಯನ್ನು ನಾಡಿನ ಮೇಲೆ ಹಾಸಿ, ಅದರೊಳಗೆ ಊರು, ಕೆರೆ, ಕೋಟೆ, ದಾರಿಗಳನ್ನು ತುಂಬುವರು. ಕಾಡುಜ್ವರದ ಭಯವಿದ್ದ ಆ ದಿನಗಳಲ್ಲಿ ಈ ಕೆಲಸವು ಸುಲಭವಾಗಿರಲಿಲ್ಲ. ಸಾಲದುದಕ್ಕೆ ಕಂಪನಿಯು ವೆಚ್ಚವನ್ನೂ ಕಡಿತಗೊಳಿಸಿತು. ಆದರೂ ಮೆಕೆಂಝಿ ಹಿಂಜರಿಯಲಿಲ್ಲ.

ಅಳತೆ ಮುಗಿದರೆ ಕರ್ತವ್ಯ ಮುಗಿಯಿತೆಂದು ಆತನು ತಿಳಿಯಲಿಲ್ಲ. ಊರೂರಿನ ಹಿರಿಯರಿಂದಲೂ ಶಾನುಭೋಗರಿಂದಲೂ ಸ್ಥಳದ ಇತಿಹಾಸವನ್ನು ಬರೆಯಿಸಿಕೊಂಡನು. ಇಂತಹ ಬರಹಗಳಿಗೆ ಕೈಫಿಯತ್ತುಗಳೆಂದು ಹೆಸರು. ಅರಸುಮನೆತನ, ದೇವಾಲಯ, ದತ್ತಿ, ಬರಗಾಲ ಮೊದಲಾದ ಸಂಗತಿಗಳು ಅವುಗಳಲ್ಲಿವೆ. ಐತಿಹ್ಯವೂ ಇತಿಹಾಸವೂ ಬೆರೆತಿರುವುದರಿಂದ ಅವುಗಳನ್ನು ವಿವೇಚನೆಯಿಂದ ಓದಬೇಕು. ಇವಲ್ಲದೆ ಎಂಟು ಸಾವಿರಕ್ಕೂ ಮಿಕ್ಕ ಶಾಸನಗಳ ಪ್ರತಿಗಳು, ಆರು ಸಾವಿರಕ್ಕೂ ಮಿಕ್ಕ ನಾಣ್ಯಗಳು, ಸುಮಾರು ಒಂದೂವರೆ ಸಾವಿರ ಸಾಹಿತ್ಯಕೃತಿಗಳ ಹಸ್ತಪ್ರತಿಗಳು ಆತನ ಸಂಗ್ರಹದಲ್ಲಿದ್ದವು.

ವಿಸ್ಮಯದ ಸಂಗತಿಯೆಂದರೆ, ಮೆಕೆಂಝಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಆತನಿಗೆ ಕಿವಿಯೂ ನಾಲಗೆಯೂ ಆದವರು ಈ ದೇಶದ ವಿದ್ವಾಂಸರೇ. ಏಲೂರಿನ ಕಾವಲಿ ವೆಂಕಟ ಬೋರಯ್ಯ, ಆತನ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಹಳಗನ್ನಡ ಶಾಸನಗಳನ್ನು ಓದಬಲ್ಲ ಮಲೆಯೂರಿನ ಜೈನಪಂಡಿತ ಧರ್ಮಯ್ಯ ಇವರಲ್ಲಿ ಪ್ರಮುಖರು. ಬೋರಯ್ಯನು 1803ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಭಾರತೀಯ ವಿದ್ಯೆಯ ಬಾಗಿಲನ್ನು ತನಗೆ ತೆರೆದವನು ಅವನೇ ಎಂದು ಮೆಕೆಂಝಿ ಕೃತಜ್ಞತೆಯಿಂದ ನೆನೆದಿದ್ದಾನೆ. 1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದನು ಬರೆದ ಚಿತ್ರದಲ್ಲಿ ಮೆಕೆಂಝಿಯು ಒಬ್ಬಂಟಿಯಾಗಿಲ್ಲ. ತನ್ನ ಮೂವರು ಭಾರತೀಯ ಸಹಾಯಕರೊಡನೆ ನಿಂತಿದ್ದಾನೆ. ಹಿನ್ನೆಲೆಯಲ್ಲಿ ಗೊಮ್ಮಟಮೂರ್ತಿಯೊಂದು ಕಾಣುತ್ತದೆ.

1811ರಿಂದ 1813ರವರೆಗೆ ಜಾವಾದಲ್ಲಿದ್ದು ಹಿಂದಿರುಗಿದ ಮೆಕೆಂಝಿಯು 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. ತನ್ನ ಸಂಗ್ರಹವನ್ನು ಕ್ರಮಗೊಳಿಸಿ ಪ್ರಕಟಿಸಬೇಕೆಂಬ ಆತನ ಹಂಬಲ ಕೈಗೂಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡನು. ಉಳಿದ ಕೆಲಸವನ್ನು ಮುಂದುವರಿಸಲು ಲಕ್ಷ್ಮಯ್ಯನು 1830ರ ದಶಕದಲ್ಲಿ ಮುಂದೆ ಬಂದನು. ಆದರೆ ಭಾರತೀಯನೊಬ್ಬನಿಗೆ ಅಂತಹ ವಿಮರ್ಶಾಶಕ್ತಿ ಇರಲಾರದೆಂದು ಬಗೆದ ಆಂಗ್ಲ ವಿದ್ವಾಂಸರು ಅವನಿಗೆ ಅವಕಾಶವನ್ನು ನೀಡಲಿಲ್ಲ. ಸಂಗ್ರಹಿಸಿದ ಕೈಗಳನ್ನೇ ಸಂಗ್ರಹದಿಂದ ದೂರವಿಟ್ಟುದು ವಿಷಾದದ ಸಂಗತಿ.

ಮೋಜಣಿಯು ಪರಕೀಯರ ಆಳ್ವಿಕೆಯನ್ನು ಬಲಪಡಿಸಲು ಕೈಗೊಂಡ ಕಾರ್ಯವೆಂಬುದು ನಿಜ. ಆದರೆ ಅದರ ಜೊತೆಯಲ್ಲಿ ಉಳಿದುಬಂದ ನೆನಪುಗಳು ನಮ್ಮವು. ಇಂದು ಅವು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿಯೂ ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಇವೆ. ಡಾ. ಎಂ. ಎಂ. ಕಲಬುರ್ಗಿಯವರು ಕನ್ನಡದ ಕೈಫಿಯತ್ತುಗಳನ್ನು ಸಂಪಾದಿಸಿಕೊಟ್ಟಿದ್ದಾರೆ. ನಮ್ಮ ಊರಿನ ಕಲ್ಲನ್ನು ಓದುವ, ಹಿರಿಯರ ಮಾತನ್ನು ಬರೆದಿಡುವ ಕೆಲಸಕ್ಕೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ. ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯರ ಹಾದಿಯನ್ನು ಮುಂದುವರಿಸುವ ಹೊಣೆ ನಮ್ಮದೇ ಆಗಿದೆ.