ರಕ್ತನಾಳಗಳ ಆರೋಗ್ಯವೂ ಮುಪ್ಪಿನ ಕಾಯಕವೂ

ಶ್ರೀಮಠದ ದಾಸೋಹದ ಅಡುಗೆಮನೆಯಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತ ಹಿರಿಯರೊಬ್ಬರಿದ್ದಾರೆ. ಜಾತ್ರೆಯ ದಿನ ಸಾವಿರಾರು ಜನರ ಸಾರಿಗೂ ಉಪ್ಪು ಖಾರದ ಅಳತೆ ತಪ್ಪದ ಕೈ ಅವರದು. ನಾಲ್ಕು ವರ್ಷಗಳ ಹಿಂದೆ ವೈದ್ಯರು ಅವರನ್ನು ಪರೀಕ್ಷಿಸಿ, ರಕ್ತದೊತ್ತಡ ಹೆಚ್ಚಾಗಿದೆಯೆಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಆರು ತಿಂಗಳು ತಪ್ಪದೆ ನುಂಗಿದರು. ಅನಂತರ ಒಂದು ದಿನ ಕಚೇರಿಗೆ ಬಂದು, "ಈಗೇನೂ ತೊಂದ್ರೆ ಇಲ್ರೀ, ಮಾತ್ರೆ ಬಿಟ್ಟುಬಿಟ್ಟೆ" ಎಂದರು. "ಒಳ್ಳೆಯದೇ ಆಯಿತು, ದುಡಿಯುವ ಮೈಗೆ ಮಾತ್ರೆ ಏಕೆ?" ಎಂದು ನಾನೇ ಹೇಳಿದೆ. ಮರುವರ್ಷದ ಕಾರ್ತಿಕದಲ್ಲಿ ಒಂದು ಬೆಳಗಿನ ಜಾವ ಅವರ ಬಲಗೈಯಿಂದ ಸೌಟು ಜಾರಿತು. ಎತ್ತಿಕೊಳ್ಳಲು ಬಾಗಿದವರು ಮತ್ತೆ ಏಳಲಿಲ್ಲ. ಮಾತು ತೊದಲಿತು, ಬಾಯಿ ಓರೆಯಾಯಿತು. ನಾವು ಮೊದಲು ಎಣ್ಣೆ ತಿಕ್ಕಿದೆವು. ಬಳಿಕ ಲಕ್ವಾಕ್ಕೆ ಔಷಧಿ ಕೊಡುವವರ ಊರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆ ಸೇರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಅಂದು ನಾನಾಡಿದ ಆ ಒಂದು ಮಾತು ಎಷ್ಟು ಅಜ್ಞಾನದ್ದಾಗಿತ್ತು ಎಂಬುದನ್ನು ಆಮೇಲೆ ವೈದ್ಯರ ಬಳಿ ಕುಳಿತು, ಓದಿ, ಕೇಳಿ ತಿಳಿದುಕೊಂಡೆ. ಭಕ್ತರಲ್ಲಿ ಇನ್ನೊಬ್ಬರಿಗೆ ಯಾರೂ ಅಂಥ ಮಾತು ಹೇಳದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಹೊರಕ್ಕೆ ನೂಕುತ್ತದೆ. ಆದರೆ ಅದು ನೂಕುವುದು ಒಂದೇ ಸಮನೆ ಅಲ್ಲ. ಒಮ್ಮೆ ಹಿಂಡಿ, ಒಮ್ಮೆ ಸಡಿಲಬಿಟ್ಟು. ಹಾಗಿದ್ದರೂ ಮಿದುಳು, ಮೂತ್ರಪಿಂಡ, ಬೆರಳತುದಿಗಳಿಗೆ ರಕ್ತ ಎಡೆಬಿಡದೆ ಹರಿಯುತ್ತಲೇ ಇರುತ್ತದೆ. ಇದನ್ನು ಸಾಧ್ಯವಾಗಿಸುವುದು ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಹಿಗ್ಗುವ ಗುಣ. ಹೃದಯ ಹಿಂಡಿದಾಗ ಅವು ಹಿಗ್ಗಿ ಸ್ವಲ್ಪ ರಕ್ತವನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ಕಳುಹಿಸುತ್ತವೆ. ಒತ್ತಡವನ್ನು ಅಳೆದಾಗ ಬರುವ ಎರಡು ಅಂಕಿಗಳು ಈ ಎರಡು ಹಂತಗಳವು. ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲಗೊಂಡಾಗಿನದು.

ತೋಟಕ್ಕೆ ಹನಿ ನೀರಾವರಿ ಮಾಡಿದ ರೈತಬಂಧುಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಹೊಸ ಪೈಪು ಬಾಗುತ್ತದೆ, ಬಳುಕುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ಪೈಪು ಪೆಡಸಾಗಿ, ಮೋಟಾರು ಹಾಕಿದ ಕೂಡಲೇ ಎಲ್ಲೋ ಒಂದು ಕಡೆ ಸೀಳುತ್ತದೆ. ಅಪಧಮನಿಗಳೂ ವಯಸ್ಸಾದಂತೆ ಪೆಡಸಾಗುತ್ತವೆ. ಹಿಗ್ಗದ ನಾಳವು ಹೃದಯದ ಹೊಡೆತವನ್ನು ತನ್ನಲ್ಲಿ ತಾಳಿಕೊಳ್ಳದೆ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಆ ಹೊಡೆತ ಹೋಗಿ ತಗಲುವುದು ಮಿದುಳು ಮತ್ತು ಮೂತ್ರಪಿಂಡಗಳ ಅತಿ ಸೂಕ್ಷ್ಮ ನಾಳಗಳಿಗೆ. ಈ ಎರಡು ಅಂಗಗಳಿಗೆ ಸದಾ ಹೆಚ್ಚು ರಕ್ತ ಬೇಕಾದುದರಿಂದ ಅಲ್ಲಿಯ ನಾಳಗಳು ಸಡಿಲವಾಗಿ ತೆರೆದಿರುತ್ತವೆ. ಹಾಗಾಗಿ ಪೆಟ್ಟೂ ಅವಕ್ಕೇ ಹೆಚ್ಚು. ಮುಪ್ಪಿನಲ್ಲಿ ಮರೆವು, ನಡಿಗೆಯಲ್ಲಿ ತಡವರಿಕೆ, ಮೂತ್ರಪಿಂಡದ ಸೋಲು, ಲಕ್ವಾ ಇವೆಲ್ಲ ಬೇರೆ ಬೇರೆ ಕಾಯಿಲೆಗಳೆಂದು ನಾವು ತಿಳಿದಿರುತ್ತೇವೆ. ಎಷ್ಟೋ ಸಲ ಅವುಗಳ ಬೇರು ಈ ಒಂದೇ ಕಡೆ ಇರುತ್ತದೆ.

ಪೆಡಸಾಗುವುದು ವಯೋಧರ್ಮವೇ ಆದರೂ ಅದರ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಬಹುಕಾಲ ಏರಿಯೇ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇವು ಅದನ್ನು ಬೇಗಬೇಗನೆ ಮುಂದೂಡುತ್ತವೆ. ನಾಳದ ಒಳಪದರಕ್ಕೆ ಗಾಸಿಯಾದಲ್ಲಿ ಕೆಟ್ಟ ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳಿ ಗಡ್ಡೆಗಟ್ಟುತ್ತದೆ. ಆ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯದಲ್ಲಿ ಹೃದಯಾಘಾತ, ಮಿದುಳಿನಲ್ಲಿ ಪಾರ್ಶ್ವವಾಯು. ಬೀಡಿ ಸಿಗರೇಟು ಸೇದದವರು ತಮಗೆ ಈ ಭಯವಿಲ್ಲವೆಂದು ಭಾವಿಸಬಾರದು. ಎಲೆಯಡಿಕೆಯೊಂದಿಗೆ ಹಾಕಿಕೊಳ್ಳುವ ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾಗಳಲ್ಲಿರುವುದೂ ಅದೇ ನಿಕೋಟಿನ್.

ಇಷ್ಟೆಲ್ಲ ಒಳಗೆ ನಡೆಯುವಾಗ ಹೊರಗೆ ಏನೂ ತಿಳಿಯುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಹಸಿವು ನಿದ್ರೆ ಎಲ್ಲವೂ ಸರಿ. ಅಡುಗೆಯ ಹಿರಿಯರು "ಏನೂ ತೊಂದರೆ ಇಲ್ಲ" ಎಂದದ್ದು ಸುಳ್ಳಾಗಿರಲಿಲ್ಲ. ತೊಂದರೆ ಇಲ್ಲದಿರುವುದಕ್ಕೆ ಕಾರಣ ಮಾತ್ರೆಯೇ ಎಂಬುದಷ್ಟೇ ಅವರಿಗೂ ನನಗೂ ಹೊಳೆಯಲಿಲ್ಲ. ರಕ್ತದೊತ್ತಡದ ಮಾತ್ರೆ ರೋಗವನ್ನು ಗುಣಪಡಿಸಿ ಮುಗಿಸುವಂಥದ್ದಲ್ಲ. ನುಂಗುತ್ತಿರುವಷ್ಟು ಕಾಲ ಒತ್ತಡವನ್ನು ತಗ್ಗಿಸಿ ಹಿಡಿಯುವಂಥದ್ದು.

"ವಯಸ್ಸಿಗೆ ತಕ್ಕಂತೆ ಒತ್ತಡ ಏರುವುದು ಸಹಜ" ಎಂಬ ಮಾತು ಈಗಲೂ ಹಳ್ಳಿಯ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೂ ಹಾಗೆಯೇ ನಂಬಿದ್ದರು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ರಕ್ತದೊತ್ತಡ 1944ರ ಮಾರ್ಚ್‌ನಲ್ಲಿ 186/108 ಇತ್ತು. ಆದರೂ ವಯಸ್ಸಿಗೆ ತಕ್ಕಂತೆ ಅವರ ಆರೋಗ್ಯ ಚೆನ್ನಾಗಿದೆಯೆಂದೇ ದೇಶಕ್ಕೆ ತಿಳಿಸಲಾಯಿತು. 1945ರ ಏಪ್ರಿಲ್ 12ರಂದು, 63ನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಲೋಕದ ಅತ್ಯಂತ ಬಲಾಢ್ಯ ರಾಷ್ಟ್ರದ ನಾಯಕನಿಗೂ ಕೊಡಲು ಆಗ ತಕ್ಕ ಮಾತ್ರೆಗಳಿರಲಿಲ್ಲ. ಮೂರು ವರ್ಷಗಳ ಬಳಿಕ, 1948ರಲ್ಲಿ, ಅಲ್ಲಿಯ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷವರ್ಷಗಳ ಕಾಲ ಪರೀಕ್ಷಿಸುತ್ತ ಹೋಗುವ ಅಧ್ಯಯನ ಆರಂಭವಾಯಿತು. ಏರಿದ ಒತ್ತಡ ಯಾವ ವಯಸ್ಸಿನಲ್ಲೂ ನಿರಪಾಯಕಾರಿಯಲ್ಲ ಎಂಬುದು ಇಂಥ ಅಧ್ಯಯನಗಳಿಂದಲೇ ಸ್ಥಿರಪಟ್ಟಿತು. ಅಂದು ಅಧ್ಯಕ್ಷರಿಗೆ ಸಿಗದಿದ್ದ ಚಿಕಿತ್ಸೆ ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ನಾವು ಬೇಡವೆನ್ನುತ್ತಿದ್ದೇವೆ.

ಇನ್ನು ಕಾಯಕದ ವಿಷಯ. ದುಡಿಯುವ ಮೈಗೆ ರಕ್ಷಣೆಯಿದೆ ಎಂಬುದೇನೋ ನಿಜವೇ. ಅದನ್ನು ತೋರಿಸಿದ್ದು ಲಂಡನ್ ನಗರದ ಬಸ್ಸುಗಳು. ಜೆರೆಮಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ 1953ರಲ್ಲಿ ಪ್ರಕಟಿಸಿದ ಅಧ್ಯಯನವದು. ಅಲ್ಲಿಯ ಎರಡಂತಸ್ತಿನ ಬಸ್ಸಿನಲ್ಲಿ ಚಾಲಕ ಇಡೀ ದಿನ ಕುಳಿತೇ ಇರುತ್ತಿದ್ದ. ನಿರ್ವಾಹಕ ಟಿಕೆಟ್ಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಬಸ್ಸು. ಆದರೆ ನಿರ್ವಾಹಕರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆ; ಬಂದರೂ ಅದರ ಉಗ್ರತೆ ಕಡಿಮೆ. ಇದಕ್ಕೆ ಒಂದು ಕಾರಣ ನಾಳದ ಒಳಪದರದಲ್ಲಿದೆ. ನಡೆದಾಗ, ಹತ್ತಿದಾಗ ರಕ್ತ ರಭಸದಿಂದ ಹರಿದು ಆ ಪದರವನ್ನು ತೀಡುತ್ತದೆ. ತೀಡಿದೊಡನೆ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸಿ ನಾಳವನ್ನು ಸಡಿಲಗೊಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನೂ ತಡೆಯುತ್ತದೆ. ರಕ್ತನಾಳಗಳಲ್ಲಿ ಈ ಅನಿಲ ಮಾಡುವ ಕೆಲಸವನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಹಾಗಾದರೆ ದಿನವಿಡೀ ನಿಂತು ದುಡಿಯುತ್ತಿದ್ದ ಅಡುಗೆಯವರಿಗೆ ಲಕ್ವಾ ಏಕೆ ಹೊಡೆಯಿತು? ದುಡಿಮೆ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಅವರ ತಂದೆಗೂ ಲಕ್ವಾ ಆಗಿತ್ತಂತೆ. ಬಾಯಲ್ಲಿ ಸದಾ ಹೊಗೆಸೊಪ್ಪಿತ್ತು. ಮೇಲಾಗಿ ಮಾತ್ರೆ ನಿಂತಿತ್ತು. ಇನ್ನು ನನ್ನಂಥವರದು ಕುರ್ಚಿಯ ಕಾಯಕ. ಬೆಳಗಿನಿಂದ ಸಂಜೆಯವರೆಗೆ ಕಡತ, ರಸೀದಿ, ಮೊಬೈಲು. ಆ ಘಟನೆಯ ನಂತರ ಮಠದ ಶಿಬಿರದಲ್ಲಿ ಅಳೆಸಿಕೊಂಡಾಗ ನನ್ನದೂ 158/96 ಬಂದಿತು. ಈಗ ನಾನೂ ಮಾತ್ರೆ ನುಂಗುವವನೇ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ನಡೆಯುವಾಗ ಮೀನಖಂಡದಲ್ಲಿ ನೋವು ಹಿಡಿದು, ನಿಂತರೆ ಬಿಡುತ್ತಿದ್ದರೆ ಅದನ್ನು ವಾಯುನೋವೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು. ಕಾಲಿನ ಅಪಧಮನಿ ಕಿರಿದಾಗಿರುವುದರ ಗುರುತು ಅದಾಗಿರಬಹುದು.

ಊಟದಲ್ಲಿ ನಾವು ಎಡವುವುದು ಮುಖ್ಯವಾಗಿ ಉಪ್ಪಿನಲ್ಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಇರಲಿ ಎನ್ನುತ್ತದೆ ಅದೇ ಸಂಸ್ಥೆ. ಸಾರು ಪಲ್ಯದಲ್ಲೇ ಅಷ್ಟು ಮುಗಿಯುತ್ತದೆ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಸಂಜೆಗೆ ಖಾರ ಮಂಡಕ್ಕಿ. ಸೈಂಧವ ಲವಣಕ್ಕೆ ದೋಷವಿಲ್ಲವೆಂದು ಹೆಚ್ಚು ಬೆಲೆ ಕೊಟ್ಟು ತರುವವರಿದ್ದಾರೆ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಸೊಪ್ಪು, ಕಾಳು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಒತ್ತಡ ತಗ್ಗಿಸಲು ನೆರವಾಗುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಮಠದ ಪಂಕ್ತಿಯಲ್ಲಿ ಈಗ ಉಪ್ಪು, ಉಪ್ಪಿನಕಾಯಿಗಳನ್ನು ಕೇಳಿದವರಿಗಷ್ಟೇ ಬಡಿಸುತ್ತೇವೆ. ಮೊದಲ ತಿಂಗಳು ಸಾರು ಸಪ್ಪೆಯೆಂದು ಗೊಣಗಿದವರು ಬಹಳ ಮಂದಿ. ಈಗ ಯಾರೂ ಆ ಮಾತು ಎತ್ತುತ್ತಿಲ್ಲ, ನಾಲಿಗೆ ಒಗ್ಗಿಕೊಂಡಿದೆ.

ದೀರ್ಘಾಯುಷ್ಯವೆಂದೊಡನೆ ಭಕ್ತರ ಮನಸ್ಸಿಗೆ ಬರುವವರು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ವಯಸ್ಸು 111. ಅಷ್ಟು ವರ್ಷ ಎಲ್ಲರಿಗೂ ದೊರೆಯಲಾರದು. ಆದರೆ ಎಪ್ಪತ್ತು ಎಂಬತ್ತರಲ್ಲಿ ಯಾರ ಕೈಯನ್ನೂ ಹಿಡಿಯದೆ ಗದ್ದುಗೆಯ ಮೆಟ್ಟಿಲು ಹತ್ತುವುದು, ಮೊಮ್ಮಕ್ಕಳ ಹೆಸರು ಮರೆಯದಿರುವುದು, ತನ್ನ ತಟ್ಟೆಯ ಅನ್ನವನ್ನು ತಾನೇ ಕಲಸಿ ಉಣ್ಣುವುದು ಬಹಳಷ್ಟು ಜನರ ಕೈಗೆಟುಕುವ ಭಾಗ್ಯ. ಅದಕ್ಕೆ ತಯಾರಿ ನಲವತ್ತರಲ್ಲಿ, ಐವತ್ತರಲ್ಲಿ ನಡೆಯಬೇಕು.

ಒತ್ತಡ ಅಳೆಸುವುದಕ್ಕೂ ಒಂದು ಕ್ರಮವಿದೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ, ತಂಬಾಕು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮೌನವಾಗಿ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಒಂದೇ ಸಲದ ಅಂಕಿಯನ್ನು ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಬಳಿಗೆ ಹೋಗಲೇಬೇಕು. ಮಾತ್ರೆಯಿಂದ ತಲೆಸುತ್ತು, ಕಾಲೂತ, ಕೆಮ್ಮು ಬಂದರೆ ತಾವಾಗಿಯೇ ನಿಲ್ಲಿಸದೆ ಅವರಿಗೆ ಹೇಳಬೇಕು. ಬದಲಿ ಮಾತ್ರೆಗಳು ಬೇಕಾದಷ್ಟಿವೆ.

ಮುಖ ಓರೆಯಾಗುವುದು, ಒಂದು ಕೈ ಸೋತು ಕೆಳಗೆ ಬೀಳುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಬಾಯಿಗೆ ನೀರನ್ನೂ ಹಾಕಬಾರದು, ಉಸಿರುನಾಳಕ್ಕೆ ಇಳಿಯುವ ಅಪಾಯವಿದೆ. ಎದೆನೋವಿನ ವಿಷಯದಲ್ಲಿ ಹೃದಯಾಘಾತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಿಸುತ್ತಿದೆ. ಎದೆಯಲ್ಲಿ ಭಾರ, ಬೆವರು, ದವಡೆಗೋ ಎಡತೋಳಿಗೋ ಹರಿಯುವ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದು ಕಾಯುತ್ತ ಕೂರದೆ ಅಲ್ಲಿಗೆ ಹೋಗಿ.

ಪ್ರತಿ ಅಮಾವಾಸ್ಯೆಯಂದು ಪ್ರಸಾದಕ್ಕೆ ಮೊದಲು ದಾಸೋಹ ಭವನದ ಎಡಬದಿಯ ಕೊಠಡಿಯಲ್ಲಿ ರಕ್ತದೊತ್ತಡ ಅಳೆಯುವ ವ್ಯವಸ್ಥೆಯಾಗಿದೆ. ಹೆಸರು ಬರೆದುಕೊಳ್ಳಲು ಅಡುಗೆಯ ಹಿರಿಯರೇ ಕುಳಿತಿರುತ್ತಾರೆ. ಎಡಗೈಯಿಂದ ಬರೆಯುವುದರಿಂದ ತುಸು ನಿಧಾನವಾಗುತ್ತದೆ, ಭಕ್ತರು ಸಹಕರಿಸಬೇಕು. ಈಗಾಗಲೇ ಚಿಕಿತ್ಸೆಯಲ್ಲಿರುವವರು ಹಳೆಯ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ತರಬೇಕಾಗಿ ವಿನಂತಿ.