ಮುಂಬಯಿಯಲ್ಲಿ ಉತ್ತರ ಕನ್ನಡದ ಮನೆ: ವಲಸೆಗಾರ ಕುಟುಂಬ ಮತ್ತು ಅದರ ನೆಲೆ (1862–1915)

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದ ಕುಟುಂಬಗಳ ಚರಿತ್ರೆಗೆ 1862ರ ಒಂದು ಆಡಳಿತ ನಿರ್ಧಾರ ಪೀಠಿಕೆಯಂತಿದೆ. ಆ ವರ್ಷ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. ಕಡಲಂಚಿನ ಮಂಗಳೂರಿನಿಂದ ಘಟ್ಟದ ಬುಡದ ಅಜ್ಜಾವರದವರೆಗಿನ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಹೊನ್ನಾವರ, ಕುಮಟಾ, ಕಾರವಾರಗಳ ವಿದ್ಯಾವಂತರಿಗೆ ಮಾತ್ರ ಉಚ್ಚ ನ್ಯಾಯಾಲಯ, ವಿಶ್ವವಿದ್ಯಾಲಯ, ಸರಕಾರಿ ಹುದ್ದೆಯ ದಾರಿ ಎಲ್ಲವೂ ಒಮ್ಮೆಲೇ ಮುಂಬಯಿಯತ್ತ ತಿರುಗಿದವು.

ಆ ನಗರವಾದರೂ ಆಗ ಉಬ್ಬರದಲ್ಲಿತ್ತು. ಮೊದಲ ಹತ್ತಿ ಗಿರಣಿಯ ಕಂಪನಿ 1854ರಲ್ಲಿ ಸ್ಥಾಪನೆಯಾಗಿತ್ತು. ಅಮೆರಿಕದ ಅಂತರ್ಯುದ್ಧದಿಂದ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಮುಂಬಯಿಯ ಬೇಡಿಕೆ ಏರಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಅಲ್ಲಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಸರಕು ಹೋದ ಕಡಲ ದಾರಿಯಲ್ಲಿಯೇ ಜನರೂ ಹೋದರು. 1872ರ ಜನಗಣತಿಯಲ್ಲಿ 6,44,405 ಇದ್ದ ನಗರದ ಜನಸಂಖ್ಯೆ 1891ರಲ್ಲಿ 8,21,764ಕ್ಕೆ ಏರಿತು. ಅದೇ ಕಾಲದ ಶಿಕಾಗೊ ನಗರಕ್ಕೆ ಯುರೋಪಿನಿಂದ ಎಷ್ಟೋ ಕುಟುಂಬಗಳು ಮಕ್ಕಳುಮರಿಗಳೊಡನೆ ಹಡಗೇರಿ ಬಂದವು. ಮುಂಬಯಿಗೆ ಮೊದಲು ಬಂದವರು ಹೆಚ್ಚಾಗಿ ಗಂಡಸರು. 1891ರಲ್ಲಿ ಅಲ್ಲಿ ಸಾವಿರ ಗಂಡಸರಿಗೆ ಆರುನೂರು ಹೆಂಗಸರೂ ಇರಲಿಲ್ಲ. ಮಳೆಗಾಲದಲ್ಲಿ ಕರಾವಳಿಯ ಸಣ್ಣ ಬಂದರುಗಳು ಮುಚ್ಚುತ್ತಿದ್ದವು. ಊರಿಗೂ ಮುಂಬಯಿಗೂ ನಡುವೆ ತಿಂಗಳುಗಟ್ಟಲೆ ಕಡಲ ದಾರಿಯೇ ಇಲ್ಲ.

ಇಂಥಲ್ಲಿ ಮೊದಲು ಬಂದವನ ಮನೆಯೇ ಹಿಂದೆ ಬರುವವರ ಆಶ್ರಯ. ಚಿತ್ರಾಪುರ ಸಾರಸ್ವತರಲ್ಲಿ ಇದರ ಸ್ಪಷ್ಟ ನಿದರ್ಶನ ದೊರೆಯುತ್ತದೆ. ವಕೀಲರಾಗಿದ್ದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರು ಮುಂಬಯಿಯಲ್ಲಿ ನೆಲೆ ಕಂಡವರು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರಿಗೆ ಅವರು ಸೋದರಮಾವ. ಅಳಿಯ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು; 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, 1901ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಇಂಥ ಏಳಿಗೆಯನ್ನು ವ್ಯಕ್ತಿಯ ಪ್ರತಿಭೆಗೆ ಮಾತ್ರ ಸಲ್ಲಿಸುವುದು ವಾಡಿಕೆ. ಊರಿನ ಹುಡುಗರಿಗೆ ಅನ್ನವಿಕ್ಕಿ, ಇಕ್ಕಟ್ಟಿನ ಕೋಣೆಗಳಲ್ಲಿ ಹಾಸಿಗೆಗೆ ಜಾಗ ಮಾಡಿಕೊಟ್ಟ ಮನೆಯೊಡತಿಯರ ದುಡಿಮೆ ಮಾತ್ರ ಯಾವ ಲೆಕ್ಕದಲ್ಲಿಯೂ ಸೇರಿಲ್ಲ. ಮನೆಯಲ್ಲಿ ಕೊಂಕಣಿ, ಊರಿನ ಶಾಲೆಯಲ್ಲಿ ಕಲಿತ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್: ಹೀಗೆ ನಾಲ್ಕು ಭಾಷೆಗಳ ನಡುವೆ ಈ ಕುಟುಂಬಗಳ ದಿನಚರಿ ಸಾಗುತ್ತಿತ್ತು. ಇವರು ಅಕ್ಷರದ ಬಂಡವಾಳವುಳ್ಳ ವಲಸೆಗಾರರು. ಗಿರಣಿ ಕಾರ್ಮಿಕರ ಚಾಳುಗಳ ಬದುಕಿಗೆ ಇವರ ಬದುಕನ್ನು ಸಮನಾಗಿ ಕಾಣಲಾಗದು. ಆದರೂ ಬಾಡಿಗೆ ಮತ್ತು ಸಾಲದ ಭಯ ಗುಮಾಸ್ತನ ಮನೆಯನ್ನೂ ಬಿಟ್ಟಿರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಈ ಇಕ್ಕಟ್ಟಿನ ಅಪಾಯವನ್ನು ಬಯಲಿಗೆ ತಂದಿತು. ಜನ ಗುಂಪುಗುಂಪಾಗಿ ನಗರ ತೊರೆದರು; 1901ರಲ್ಲಿ ಜನಸಂಖ್ಯೆ 7,76,006ಕ್ಕೆ ಇಳಿದಿತ್ತು. ನೆಂಟರ ಮನೆಯ ಆಶ್ರಯಕ್ಕೂ ಮಿತಿಯಿದೆ ಎಂಬುದು ಆಗ ಅರಿವಾಗಿರಬೇಕು. 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ಗಾಂದೇವಿ ಮೊದಲಾದೆಡೆ ಹೊಸ ಬಡಾವಣೆಗಳಿಗೆ ಕೈಹಾಕಿತು.

ಮುಂದಿನ ಹೆಜ್ಜೆಗಳನ್ನು ಇಟ್ಟವರು ಶ್ರೀಪಾದ ಸುಬ್ರಾವ್ ತಲ್ಮಕಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಅಡಿಯಲ್ಲಿ, ಶಾಮರಾವ್ ವಿಠ್ಠಲರ ಸ್ಮರಣಾರ್ಥ 1906ರಲ್ಲಿ ಅವರ ಹೆಸರಿನ ಸಹಕಾರಿ ಸಂಸ್ಥೆ ಹುಟ್ಟಿತು. ಅದು ಮುಂದೆ ಬ್ಯಾಂಕಾಗಿ ಬೆಳೆಯಿತು. ಒಬ್ಬ ಮಾವನ ಮನೆ ಕೆಲವರಿಗೆ ಮಾಡಿದ್ದನ್ನು ಸಂಘವು ಷೇರು ಮತ್ತು ಜಾಮೀನಿನ ಮೂಲಕ ಅನೇಕರಿಗೆ ಮಾಡತೊಡಗಿತು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಸ್ಥಾಪನೆಯಾಯಿತು. ಮದರಾಸು ಭಾಗದ ಕರಾವಳಿಯಿಂದ ಬಂದವರೂ ಸುಮ್ಮನಿರಲಿಲ್ಲ. ಮೊಗವೀರರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಸ್ಥಾಪಿತವಾಗಿತ್ತು. 1915ರಲ್ಲಿ ಗಾಂದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಆರಂಭವಾಯಿತು. ಭಾರತದ ಸಹಕಾರಿ ವಸತಿ ಚಳವಳಿಯ ಮೊದಲ ಪ್ರಯತ್ನಗಳಲ್ಲಿ ಅದನ್ನು ಎಣಿಸಲಾಗುತ್ತದೆ. ಅಲ್ಲಿ ಕುಟುಂಬಗಳು ಬಾಡಿಗೆಯನ್ನು ತಮ್ಮದೇ ಸಂಘಕ್ಕೆ ಕಟ್ಟಿದವು.